ಕನ್ನಡದಲ್ಲಿ ಗಣಕ–ಮೊಬೈಲುಗಳ ವರ್ತಮಾನ ಬರೆಯುವವರಿಗೆ ಮುರುಮದಿಂದ ಒಂದು ಬಹಿರಂಗ ಪತ್ರ



ಧಾರಾಶಿವ ಜಿಲ್ಲೆಯ ಉಮರ್ಗಾ ತಾಲೂಕಿಗೆ ಸೇರಿದ ಮುರುಮ ಎಂಬ ಊರಿನಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಒಂದು ಕಾಲಕ್ಕೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯು 1956ನೆಯ ಇಸವಿಯ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಬಿಟ್ಟು ಮುಂಬಯಿ ರಾಜ್ಯಕ್ಕೂ, 1960ರ ಮೇ 1ರಂದು ಮಹಾರಾಷ್ಟ್ರಕ್ಕೂ ಸೇರಿತು; ನಮ್ಮ ಮುತ್ತಜ್ಜಂದಿರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರು ಉರ್ದುವಿನಲ್ಲಿ ಓದಿದರು, ಅಜ್ಜಂದಿರ ಕಾಲದಿಂದ ಈಚೆಗೆ ನಾವು ಮರಾಠಿಯಲ್ಲಿ ಓದುತ್ತ ಬಂದಿದ್ದೇವೆ, ಇಂಜಿನಿಯರಿಂಗ್ ವಿದ್ಯೆಯನ್ನಂತೂ ಸೊಲ್ಲಾಪುರ, ಲಾತೂರು, ಪುಣೆ, ಕಲಬುರ್ಗಿಗಳಿಗೆ ಹೋಗಿ ಇಂಗ್ಲಿಷಿನಲ್ಲಿ ಕಲಿಯುತ್ತಿದ್ದೇವೆ; ಆದರೂ ಕರ್ನಾಟಕದ ಆಳಂದದ ಗಡಿಗೆ ಸಮೀಪವಾದ ಈ ಪ್ರದೇಶದ ಅನೇಕ ಮನೆಗಳಲ್ಲಿ, ಅಂತೆಯೇ ನಿಲಂಗಾ ಮತ್ತು ಉದಗೀರ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ, ತಾಯಿ ಮಗುವನ್ನು ಕರೆಯುವ ಮಾತು ಇಂದಿಗೂ ಕನ್ನಡವೇ ಆಗಿದೆ. ಲಿಪಿಯನ್ನು ಶಾಲೆಯಲ್ಲಿ ಪಡೆಯದೆ ಮನೆಯ ಹಿರಿಯರ ಬಳಿ ಕುಳಿತು ಪಡೆದವರಾದ ನಾವು ಕೆಲವರು, ತಮ್ಮ ಪತ್ರಿಕೆಗಳಲ್ಲಿ ಪ್ರಕಟವಾಗುವ ಗಣಕ ಮತ್ತು ಮೊಬೈಲುಗಳ ವರ್ತಮಾನವನ್ನು ಅತ್ಯಾಸಕ್ತಿಯಿಂದ ಓದುತ್ತೇವೆ; ಓದುಗರಿಗೆ ಸಲ್ಲುವ ಅಧಿಕಾರವೊಂದನ್ನೇ ನೆಚ್ಚಿ ಈ ಮಾತುಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ನನ್ನ ಆಕ್ಷೇಪವನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ವರ್ತಮಾನವು ಯಂತ್ರವೊಂದು ಪೇಟೆಗೆ ಬರುವ ದಿನದಂದು ಆರಂಭವಾಗಿ ಬಹುಮಟ್ಟಿಗೆ ಆ ದಿನವೇ ಮುಗಿದುಹೋಗುತ್ತದೆ. ನಮಗೆ ಆ ಯಂತ್ರದೊಡನೆ ಬೀಳುವ ಸಂಬಂಧವಾದರೋ ಅದರ ಮರುದಿನದಿಂದ ತೊಡಗಿ ಐದಾರು ವರುಷ ನಡೆಯತಕ್ಕದ್ದು. ನಮ್ಮ ಕಡೆಯ ರೈತನ ಕೈಗೆ ಹಣ ಬರುವುದು ಸೋಯಾಬೀನು ಅಡತಿಗೆ ಹೋದ ಮೇಲೆ, ಇಲ್ಲವೆ ತೊಗರಿ ಮಾರಿದ ಮೇಲೆ. ಆ ಹಣದಲ್ಲಿ ಸಾಲದ ಕಂತು, ಬೀಜ, ಗೊಬ್ಬರ, ಮನೆಯವರ ಔಷಧೋಪಚಾರ ಇವೆಲ್ಲವೂ ಕಳೆದು ಉಳಿದುದರಲ್ಲಿ ಮಗನಿಗೋ ಮಗಳಿಗೋ ಒಂದು ಲ್ಯಾಪ್‌ಟಾಪು ಬರಬೇಕು. ಅಂತಹ ತಂದೆಯು ಉಮರ್ಗಾದ ಅಂಗಡಿಯಲ್ಲಿ ನಿಂತು ಕೇಳುವ ಪ್ರಶ್ನೆ ಒಂದೇ: “ಇದು ಎಷ್ಟು ವರ್ಷ ನಡೀತದ್ರೀ?” ಗಣಕಶಾಸ್ತ್ರದಲ್ಲಿ ಪಾರಂಗತನಾದವನು ಸಹ ಇದಕ್ಕಿಂತ ಮರ್ಮಸ್ಪರ್ಶಿಯಾದ ಪ್ರಶ್ನೆಯನ್ನು ಕೇಳಲಾರನೆಂದು ನಾನು ನಂಬಿದ್ದೇನೆ; ಏಕೆಂದರೆ ಬ್ಯಾಟರಿಯ ಆಯುಸ್ಸು, ತಂತ್ರಾಂಶದ ಪರಿಷ್ಕರಣಗಳು ಬರುವ ಅವಧಿ, ಬಿಡಿಭಾಗಗಳು ದೊರೆಯುವ ಸಾಧ್ಯತೆ, ಬಿಚ್ಚಿ ರಿಪೇರಿ ಮಾಡಲು ಬರುವಂತೆ ಅದನ್ನು ಕಟ್ಟಿರುವರೋ ಅಂಟುಹಾಕಿ ಮುಚ್ಚಿರುವರೋ ಎಂಬ ವಿಚಾರ, ಇವೆಲ್ಲವೂ ಆ ಒಂದು ಪ್ರಶ್ನೆಯಲ್ಲಿ ಅಡಗಿವೆ. ಇದಕ್ಕೆ ಉತ್ತರವನ್ನು ನಾನು ತಮ್ಮ ಪುಟಗಳಲ್ಲಿ ಹುಡುಕಿದಾಗ ದೊರೆಯುವುದು ಸಂಖ್ಯೆಗಳ ಒಂದು ಮೆರವಣಿಗೆ ಮಾತ್ರ.

ಸಂಖ್ಯೆಗಳನ್ನು ನಾನು ದ್ವೇಷಿಸುವವನಲ್ಲ. ಅವು ನನ್ನ ವಿದ್ಯೆಯ ಉಸಿರು. ಆದರೆ ವಿವರಣೆಯಿಲ್ಲದ ಸಂಖ್ಯೆಯು ಓದುಗನಿಗೆ ಜ್ಞಾನವನ್ನು ಕೊಡದೆ ಬೆರಗನ್ನು ಮಾತ್ರ ಕೊಡುತ್ತದೆ. “50 ಮೆಗಾಪಿಕ್ಸೆಲ್ ಕ್ಯಾಮೆರಾ” ಎಂದು ತಲೆಬರಹದಲ್ಲಿ ಮುದ್ರಿಸುವಾಗ, ಅಂತಹ ಬಹುತೇಕ ಕ್ಯಾಮೆರಾಗಳು ನಾಲ್ಕು ನಾಲ್ಕು ಬಿಂದುಗಳ ಬೆಳಕನ್ನು ಒಂದಾಗಿ ಕೂಡಿಸಿ ಸಾಧಾರಣವಾಗಿ 12.5 ಮೆಗಾಪಿಕ್ಸೆಲ್ಲಿನ ಚಿತ್ರವನ್ನೇ ಕೊಡುತ್ತವೆಂಬುದನ್ನು ಒಂದು ವಾಕ್ಯದಲ್ಲಿ ಹೇಳಬಹುದಾಗಿತ್ತು. 512 ಜಿಬಿ ಎಂದು ಹೇಳಿ ಕೊಂಡ ಲ್ಯಾಪ್‌ಟಾಪು ತೆರೆಯ ಮೇಲೆ 476 ಎಂದು ತೋರಿಸಿದಾಗ ಅಂಗಡಿಯವನು ಮೋಸಮಾಡಿದನೆಂದು ಭ್ರಮಿಸಿ ಜಗಳಕ್ಕೆ ಹೋದವರನ್ನು ನಾನು ಬಲ್ಲೆ. ತಯಾರಕರು ಸಾವಿರದ ಲೆಕ್ಕದಲ್ಲಿಯೂ ವಿಂಡೋಸ್ 1024ರ ಲೆಕ್ಕದಲ್ಲಿಯೂ ಎಣಿಸುವುದರಿಂದ ಈ ಅಂತರವುಂಟಾಗುತ್ತದೆಂದು ಯಾವ ವರ್ತಮಾನವೂ ಅವರಿಗೆ ತಿಳಿಸಿರಲಿಲ್ಲ. ಬ್ಯಾಟರಿಯ ವಿಷಯದಲ್ಲಿಯೂ ಹೀಗೆಯೇ. 5000, 6000 ಎಂದು ಅದರ ಧಾರಣಶಕ್ತಿಯನ್ನು ಬರೆಯುತ್ತೀರಿ. ಆದರೆ ಲಿಥಿಯಂ-ಅಯಾನ್ ಬ್ಯಾಟರಿಯು ಬಿಸಿಯಲ್ಲಿ ಬಹು ಬೇಗ ಮುಪ್ಪಾಗುತ್ತದೆಂಬುದನ್ನೂ, ಸದಾ ನೂರಕ್ಕೆ ನೂರು ತುಂಬಿಸಿ ಚಾರ್ಜರಿಗೆ ಹಚ್ಚಿಯೇ ಇಟ್ಟರೆ ಇನ್ನೂ ಬೇಗ ಕ್ಷೀಣಿಸುತ್ತದೆಂಬುದನ್ನೂ, ಈಗಿನ ಅನೇಕ ಲ್ಯಾಪ್‌ಟಾಪು ಮೊಬೈಲುಗಳಲ್ಲಿ ಶೇಕಡಾ 80ಕ್ಕೆ ಚಾರ್ಜನ್ನು ತಡೆಯುವ ಏರ್ಪಾಡು ಇದೆಯೆಂಬುದನ್ನೂ, ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ದಾಟುವ ನಮ್ಮ ಮರಾಠವಾಡಾದ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಕುಳಿತು ಓದುವ ಹುಡುಗನಿಗೆ ಯಾರು ಹೇಳಬೇಕು?

ತಂತ್ರಾಂಶದ ಆಯುಸ್ಸು ಬ್ಯಾಟರಿಯ ಆಯುಸ್ಸಿಗಿಂತಲೂ ಗಹನವಾದ ವಿಷಯ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೂ ಏಳು ವರುಷಗಳ ಪರಿಷ್ಕರಣವನ್ನು ಘೋಷಿಸಿದವು. ಆದರೆ ಅವು ಧನಿಕರ ಫೋನುಗಳು. ಹತ್ತು ಹನ್ನೆರಡು ಸಾವಿರದ ಫೋನನ್ನು ಕೊಳ್ಳುವವನಿಗೆ ಎಷ್ಟು ವರುಷ ಎಂಬುದು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ, ತಮ್ಮ ವರದಿಯಲ್ಲಿಯೂ ಅಪರೂಪವಾಗಿ ಇರುತ್ತದೆ. ಇದು ಕೇವಲ ವಿಲಾಸದ ಪ್ರಶ್ನೆಯಲ್ಲ. 2025ರ ಜನವರಿ 1ರಿಂದ ವಾಟ್ಸಾಪ್ ಆಂಡ್ರಾಯ್ಡ್ 4.4ರ ಫೋನುಗಳನ್ನು ಕೈಬಿಟ್ಟಿತು. ಬ್ಯಾಂಕು ಮತ್ತು ಯುಪಿಐಗಳ ಆಪ್‌ಗಳೂ ಕಾಲಕಾಲಕ್ಕೆ ಹಳೆಯ ಆಂಡ್ರಾಯ್ಡನ್ನು ಬಿಟ್ಟು ಮುಂದೆ ಹೋಗುತ್ತವೆ. ಮಹಾರಾಷ್ಟ್ರ ಸರಕಾರವು 2021ರ ಆಗಸ್ಟ್ 15ರಿಂದ ನಡೆಸುತ್ತಿರುವ ಇ-ಪೀಕ್ ಪಾಹಣಿ ಎಂಬ ಬೆಳೆ ನೋಂದಣಿಯ ಆಪ್‌ನಲ್ಲಿ ರೈತನು ತನ್ನ ಹೊಲದಲ್ಲಿ ನಿಂತು, ಸ್ಥಾನಸೂಚಿಯನ್ನು ಚಾಲೂ ಮಾಡಿ, ಬೆಳೆಯ ಚಿತ್ರವನ್ನು ತೆಗೆದು ಸಾತ್‌ಬಾರಾ ಎಂಬ ಭೂದಾಖಲೆಯ ಪತ್ರಕ್ಕೆ ತಾನೇ ದಾಖಲು ಮಾಡಬೇಕಾಗಿದೆ. ಫೋನು ಹಳತಾಗಿ ಆ ಆಪ್ ತೆರೆಯದೆ ಹೋದರೆ ಅವನು ನೆರೆಯವನ ಮನೆಯ ಹುಡುಗನನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ, ಮೊಬೈಲು ಮಾರಾಟದಿಂದ ಹಿಂತೆಗೆಯಲ್ಪಟ್ಟ ಮೇಲೂ ಕನಿಷ್ಠ ಐದು ವರುಷ ಅದರ ತಂತ್ರಾಂಶಕ್ಕೆ ಪರಿಷ್ಕರಣಗಳನ್ನು ಕೊಡಬೇಕು, ಏಳು ವರುಷ ಬಿಡಿಭಾಗಗಳನ್ನು ಒದಗಿಸಬೇಕು, ಬ್ಯಾಟರಿಯು 800 ಬಾರಿ ತುಂಬಿ ಬರಿದಾದ ಮೇಲೂ ಶೇಕಡಾ 80ರಷ್ಟು ಶಕ್ತಿಯನ್ನು ಉಳಿಸಿಕೊಂಡಿರಬೇಕು. ನಮ್ಮ ದೇಶದಲ್ಲಿಯೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ವಿಷಯವನ್ನು ಕೈಗೆತ್ತಿಕೊಂಡು ಒಂದು ಜಾಲತಾಣವನ್ನು ತೆರೆಯಿತು; ಯಂತ್ರಗಳ ರಿಪೇರಿ ಎಷ್ಟು ಸುಲಭವೆಂಬುದಕ್ಕೆ ಅಂಕಗಳನ್ನು ಕೊಡುವ ಸೂಚ್ಯಂಕವೊಂದರ ಬಗ್ಗೆ ಇಲಾಖೆಯ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿಯನ್ನೂ ಒಪ್ಪಿಸಿತು. ಹೊಸ ಫೋನಿನ ಬಣ್ಣಗಳಿಗೆ ತಾವು ಕೊಡುವ ಸ್ಥಳದಲ್ಲಿ ಅರ್ಧದಷ್ಟನ್ನು ಈ ವರದಿಗೆ ಕೊಟ್ಟಿದ್ದರೆ, ಉಮರ್ಗಾದ ಅಂಗಡಿಯ ಆ ತಂದೆಯ ಪ್ರಶ್ನೆಗೆ ಉತ್ತರದ ಮೊದಲ ಅಕ್ಷರವಾದರೂ ಸಿಕ್ಕುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ನೋಯಿಸಿದುದು ವಿಂಡೋಸ್ 10ರ ಪ್ರಕರಣ. 2015ರ ಜುಲೈ 29ರಂದು ಹೊರಬಂದ ಆ ಕಾರ್ಯವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಇದರ ನಂತರದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ಚಿಪ್ಪೂ, ಇಂಟೆಲ್ ಕಂಪನಿಯದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಈಚಿನ ಪ್ರೊಸೆಸರೂ ಬೇಕು. ಅಂದರೆ 2016ರಲ್ಲಿಯೋ 2017ರಲ್ಲಿಯೋ ಕೊಂಡ, ಇಂದಿಗೂ ಚೆನ್ನಾಗಿ ನಡೆಯುತ್ತಿರುವ, ಕೀಲಿಯೊಂದೂ ಸಡಿಲವಾಗದ ಲ್ಯಾಪ್‌ಟಾಪುಗಳು ಒಂದೇ ದಿನದಲ್ಲಿ ಅರಕ್ಷಿತವಾದುವು. ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಹೊಸ ಲ್ಯಾಪ್‌ಟಾಪನ್ನು ಕೊಳ್ಳುವವರು ಕಡಿಮೆ. ಪುಣೆ ಹೈದರಾಬಾದುಗಳ ಕಚೇರಿಗಳಿಂದ ಹೊರಬಿದ್ದ ಸೆಕೆಂಡ್ ಹ್ಯಾಂಡ್ ಯಂತ್ರಗಳನ್ನೇ ತಂದು ಬಳಸುವವರು ಹೆಚ್ಚು. ಇಂತಹವರಿಗೆ ಅಂದು ತಮ್ಮ ಪತ್ರಿಕೆಗಳಲ್ಲಿ ದೊರೆತ ಉಪದೇಶವು, ನಾನು ಓದಿದಮಟ್ಟಿಗೆ, ಹೊಸದನ್ನು ಕೊಳ್ಳಿರಿ ಎಂಬುದೇ ಆಗಿತ್ತು. ಆದರೆ ಮೈಕ್ರೋಸಾಫ್ಟ್ ತಾನೇ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣಾ ಪರಿಷ್ಕರಣಗಳನ್ನು ಮುಂದುವರಿಸುವ ಏರ್ಪಾಡನ್ನು ಮಾಡಿತ್ತು. ತನ್ನ ಸಂಸ್ಥೆಯ ಖಾತೆಯ ಮೂಲಕ ಯಂತ್ರದ ಸೆಟ್ಟಿಂಗುಗಳನ್ನು ಕಾಪಿಡಲು ಒಪ್ಪಿದವನಿಗೆ ಅದಕ್ಕೆ ಹಣವನ್ನೂ ಕೇಳಿರಲಿಲ್ಲ. ಇನ್ನೊಂದು ದಾರಿ ಲಿನಕ್ಸ್. ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಒಂದು ಎಸ್‌ಎಸ್‌ಡಿಯನ್ನು ಕೂಡಿಸಿ, ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಹಾಕಿದ ಹತ್ತು ವರುಷದ ಹಳೆಯ ಲ್ಯಾಪ್‌ಟಾಪಿನ ಮೇಲೆ ಸಿ ಭಾಷೆ, ಪೈಥಾನ್, ಸಂಕೇತ ಸಂಸ್ಕರಣದ ಅಭ್ಯಾಸಗಳು, ಕೊನೆಯ ವರುಷದ ಪ್ರಾಜೆಕ್ಟಿನ ವರದಿ, ಎಲ್ಲವೂ ಸುಸೂತ್ರವಾಗಿ ನಡೆಯುತ್ತವೆ. ಹಾರ್ಡ್ ಡಿಸ್ಕಿನ ಸೂಜಿಯು ಒಂದು ಮಾಹಿತಿಯನ್ನು ಹುಡುಕಿ ನಿಲ್ಲಲು ಹತ್ತು ಮಿಲಿಸೆಕೆಂಡುಗಳಷ್ಟು ಹೊತ್ತು ತೆಗೆದುಕೊಳ್ಳುವಲ್ಲಿ, ಚಲಿಸುವ ಭಾಗಗಳೇ ಇಲ್ಲದ ಎಸ್‌ಎಸ್‌ಡಿಯು ಅದರ ನೂರರಲ್ಲೊಂದು ಪಾಲಿನಷ್ಟರಲ್ಲಿ ಆ ಕೆಲಸವನ್ನು ಮುಗಿಸುವುದರಿಂದ, “ಹ್ಯಾಂಗ್ ಆಗ್ಲತದ” ಎಂದು ಮೂಲೆಗೆ ಸೇರಿಸಿದ ಯಂತ್ರಗಳಲ್ಲಿ ಅನೇಕವು ನಿಜವಾಗಿ ಕೆಟ್ಟವಾಗಿರುವುದಿಲ್ಲ. ಇದನ್ನು ಕನ್ನಡದಲ್ಲಿ, ಚಿತ್ರಸಹಿತವಾಗಿ, ಯಾವ ಸ್ಕ್ರೂವನ್ನು ಮೊದಲು ಬಿಚ್ಚಬೇಕೆಂಬಷ್ಟು ವಿವರವಾಗಿ ಬರೆದ ಒಂದು ಪುಟವು ನೂರಾರು ಮನೆಗಳ ಹಣವನ್ನು ಉಳಿಸುತ್ತಿತ್ತು.

ರ್‍ಯಾಮ್ ಹೆಚ್ಚಿಸಿಕೊಳ್ಳಿರಿ ಎಂದೂ ಇಲ್ಲಿ ಸೇರಿಸುತ್ತಿದ್ದೆ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆಯೇ ಏರಿಹೋಯಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಬೇಕಾದ ಶೀಘ್ರ ಸ್ಮೃತಿಯ ಚಿಪ್ಪುಗಳನ್ನು ಮಾಡುವುದರಲ್ಲಿ ಲಾಭ ಹೆಚ್ಚಾದುದರಿಂದ, ಜಗತ್ತಿನಲ್ಲಿ ಈ ಚಿಪ್ಪುಗಳನ್ನು ಹೆಚ್ಚಿನ ಮಟ್ಟಿಗೆ ಮಾಡುವ ಮೂರೇ ಕಂಪನಿಗಳಾದ ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್‌ಗಳು ತಮ್ಮ ಕಾರ್ಖಾನೆಗಳನ್ನು ಅತ್ತ ತಿರುಗಿಸಿದುವು. ಮೈಕ್ರಾನ್ ಕಂಪನಿಯಂತೂ ಜನಸಾಮಾನ್ಯರಿಗೆ ಬಿಡಿಯಾಗಿ ರ್‍ಯಾಮ್ ಮಾರುತ್ತಿದ್ದ ತನ್ನ ಕ್ರೂಷಿಯಲ್ ಎಂಬ ವಿಭಾಗವನ್ನೇ ಮುಚ್ಚುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಕೃತಕ ಬುದ್ಧಿಮತ್ತೆಯ ವಿಜಯವಾರ್ತೆಗಳನ್ನು ಮುಖಪುಟದಲ್ಲಿ ಅಚ್ಚುಮಾಡುವವರು, ಅದರ ವೆಚ್ಚದ ಒಂದು ಪಾಲನ್ನು ಉದಗೀರದ ಡಿಪ್ಲೊಮಾ ವಿದ್ಯಾರ್ಥಿಯು ತನ್ನ ಹಳೆಯ ಲ್ಯಾಪ್‌ಟಾಪಿನ ರ್‍ಯಾಮಿಗಾಗಿ ತೆರುತ್ತಿದ್ದಾನೆಂಬ ಸಂಬಂಧವನ್ನೂ ಓದುಗರಿಗೆ ಕಾಣಿಸಬೇಡವೆ?

ಇನ್ನು ಭಾಷೆಯ ವಿಷಯ. ಇಲ್ಲಿ ನಾನು ತುಸು ದೀರ್ಘವಾಗಿ ಬರೆಯುವುದನ್ನು ತಾವು ಸಹಿಸಿಕೊಳ್ಳಬೇಕು, ಏಕೆಂದರೆ ನಮ್ಮಂತಹವರಿಗೆ ಗಣಕವು ಕನ್ನಡದ ಉಪಕಾರಿಯೂ ಆಗಬಲ್ಲುದು, ಅದನ್ನು ಸದ್ದಿಲ್ಲದೆ ಅಳಿಸಿಹಾಕುವ ಸಾಧನವೂ ಆಗಬಲ್ಲುದು. ನಾನು ಲಿನಕ್ಸನ್ನು ಮೊದಲ ಸಲ ಹಾಕಿಕೊಂಡಾಗ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡದ ಹೆಸರಿನ ಮುಂದೆ ಕಗಪ ಎಂದು ಬರೆದಿರುವುದನ್ನು ಕಂಡು ಸಂತೋಷಪಟ್ಟೆ. ಅದಕ್ಕಿಂತ ಹೆಚ್ಚಾಗಿ, ಮರಾಠಿ, ಹಿಂದಿ, ಸಂಸ್ಕೃತ, ತೆಲುಗುಗಳ ಮುಂದೆಯೂ ಅದೇ ಹೆಸರಿನ ವಿನ್ಯಾಸವಿರುವುದನ್ನು ಕಂಡು ವಿಸ್ಮಯಗೊಂಡೆ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು, ನಮ್ಮ ವರ್ಣಮಾಲೆಯ ವಿವೇಕವನ್ನು ಅನುಸರಿಸಿ, ಸಾಧಾರಣವಾದ ಇಂಗ್ಲಿಷ್ ಕೀಲಿಮಣೆಯ ಮೇಲೆ ಅಲ್ಪಪ್ರಾಣವನ್ನು ಮಾಮೂಲು ಒತ್ತಿಗೂ ಮಹಾಪ್ರಾಣವನ್ನು ಶಿಫ್ಟ್ ಕೀಲಿಗೂ ಹೊಂದಿಸಿ ರಚಿಸಿದ ಆ ವಿನ್ಯಾಸವನ್ನು ಕರ್ನಾಟಕ ಸರಕಾರವು ಮಾನಕವೆಂದು ಅಂಗೀಕರಿಸಿತೆಂಬುದು ತಮಗೆಲ್ಲ ತಿಳಿದ ಸಂಗತಿ. ಗಡಿಯ ಈಚೆಗೆ ಅದರ ಉಪಯೋಗವು ಇಮ್ಮಡಿಯಾಗುತ್ತದೆ: ಕಾಲೇಜಿನ ಮರಾಠಿ ಅರ್ಜಿಯನ್ನೂ ಅಜ್ಜಿಗೆ ಓದಿಹೇಳುವ ಕನ್ನಡ ಪತ್ರವನ್ನೂ ನನ್ನ ಬೆರಳುಗಳು ಒಂದೇ ಅಭ್ಯಾಸದಿಂದ ಬರೆಯುತ್ತವೆ. ಇದಕ್ಕೆ ಜೊತೆಯಾಗಿ ನಿಲ್ಲುವ ಇನ್ನೊಂದು ಯೋಜನೆಯೂ ಇದೆ. ಭಾರತದ ಲಿಪಿಗಳಿಗೆಲ್ಲ ಸಮಾನವಾಗಿ ರೂಪಿಸಿದ ಇಸ್ಕಿ ಎಂಬ ಸಂಕೇತಕ್ರಮವನ್ನು ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲಿಯೇ ಆಧಾರವಾಗಿಟ್ಟುಕೊಂಡುದರಿಂದ, 128 ಮನೆಗಳ ಕನ್ನಡದ ಕೋಷ್ಟಕದಲ್ಲಿ ಸೊನ್ನೆಯಿಂದ ಎಣಿಸಿದರೆ ‘ಕ’ಕಾರಕ್ಕೆ 21ನೆಯ ಮನೆ, ದೇವನಾಗರಿಯ ಕೋಷ್ಟಕದಲ್ಲಿಯೂ ಅದಕ್ಕೆ 21ನೆಯ ಮನೆಯೇ. ಎರಡು ನುಡಿಗಳ ನಡುವೆ ಬೆಳೆದವನಿಗೆ ಇದು ಎಂತಹ ಸಮಾಧಾನವನ್ನು ಕೊಡುವ ಸಂಗತಿಯೆಂಬುದನ್ನು, ಇದನ್ನು ಆಧಾರವಾಗಿಟ್ಟುಕೊಂಡು ಮರಾಠಿ ಲಿಪಿಯನ್ನು ಮಾತ್ರ ಬಲ್ಲ ಮಕ್ಕಳಿಗೆ ಕನ್ನಡ ಲಿಪಿಯನ್ನು ಕಲಿಸುವ ತಂತ್ರಾಂಶವನ್ನು ಎಷ್ಟು ಸುಲಭವಾಗಿ ಕಟ್ಟಬಹುದೆಂಬುದನ್ನು, ಯಾವ ಅಂಕಣದಲ್ಲಿಯೂ ನಾನು ಓದಲಿಲ್ಲ.

ಏಕೆಂದರೆ ತಾವು ಕನ್ನಡದ ಓದುಗನನ್ನು ಕರ್ನಾಟಕದ ಒಳಗೆ ಮಾತ್ರ ಕಲ್ಪಿಸಿಕೊಳ್ಳುತ್ತೀರಿ. ಕಂಪನಿಗಳೂ ಹಾಗೆಯೇ ಕಲ್ಪಿಸಿಕೊಳ್ಳುತ್ತವೆ. ಇಲ್ಲಿ ಕೊಂಡ ಸಿಮ್ಮಿನಿಂದ ಗ್ರಾಹಕ ಸೇವೆಗೆ ಕರೆಮಾಡಿದರೆ ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಫೋನು ನಾನಿರುವ ಸ್ಥಳವನ್ನು ನೋಡಿ ನನ್ನ ಭಾಷೆಯನ್ನು ನಿಶ್ಚಯಿಸುತ್ತದೆ. ಆಂಡ್ರಾಯ್ಡ್‌ನಲ್ಲಿ 2014ರ ಐದನೆಯ ಆವೃತ್ತಿಯಿಂದಲೇ ಇಡೀ ಫೋನನ್ನು ಕನ್ನಡದಲ್ಲಿಟ್ಟುಕೊಳ್ಳಲು ಬರುತ್ತದೆಂಬುದನ್ನು ನಮ್ಮೂರಿನ ಅನೇಕರಿಗೆ ತೋರಿಸಿಕೊಟ್ಟಾಗ ಅವರು ನಂಬಲೇ ಇಲ್ಲ. ಕೃತಕ ಬುದ್ಧಿಮತ್ತೆಯ ವರ್ತಮಾನದಲ್ಲಿಯೂ ನನಗೆ ಇದೇ ಅಳಲು. 2024ರ ಮೇ ತಿಂಗಳಲ್ಲಿ ಓಪನ್‌ಎಐ ಸಂಸ್ಥೆಯು ತನ್ನ ಜಿಪಿಟಿ-4ಒ ಎಂಬ ಮಾದರಿಯನ್ನು ಪ್ರಕಟಿಸಿದಾಗ, ವಾಕ್ಯವನ್ನು ಯಂತ್ರವು ಒಡೆದುಕೊಳ್ಳುವ ತುಣುಕುಗಳಾದ ಟೋಕನ್ನುಗಳು ಯಾವ ಯಾವ ಭಾಷೆಯಲ್ಲಿ ಎಷ್ಟು ಕಡಿಮೆಯಾದುವೆಂಬುದಕ್ಕೆ ಇಪ್ಪತ್ತು ಭಾಷೆಗಳ ಉದಾಹರಣೆಗಳನ್ನು ಕೊಟ್ಟಿತು. ಮರಾಠಿಯ ಒಂದೇ ಹೇಳಿಕೆ 96 ತುಣುಕುಗಳಿಂದ 33ಕ್ಕೂ, ತೆಲುಗಿನದು 159ರಿಂದ 45ಕ್ಕೂ ಇಳಿದಿದ್ದುವು, ಗುಜರಾತಿ, ತಮಿಳು, ಹಿಂದಿ, ಉರ್ದುಗಳೂ ಆ ಪಟ್ಟಿಯಲ್ಲಿದ್ದುವು, ಕನ್ನಡವಿರಲಿಲ್ಲ. ತುಣುಕುಗಳು ಹೆಚ್ಚಾದಷ್ಟೂ ಬಳಕೆಯ ವೆಚ್ಚವೂ ವಿಳಂಬವೂ ಹೆಚ್ಚುತ್ತವೆ. ಕನ್ನಡದ ಸಂಖ್ಯೆ ಎಷ್ಟೆಂದು ಯಾರೊಬ್ಬ ವರದಿಗಾರನೂ ಅಳೆದು ಬರೆಯಬಹುದಾಗಿತ್ತು. ಅದಕ್ಕೆ ಪ್ರಯೋಗಶಾಲೆ ಬೇಕಾಗಿರಲಿಲ್ಲ, ಒಂದು ಸಾಯಂಕಾಲ ಸಾಕಾಗಿತ್ತು.

ಧ್ವನಿಯ ಮೂಲಕ ಬರೆಯಿಸುವ ವಿದ್ಯೆಯು ನಮಗೆ ಇನ್ನೂ ಹೆಚ್ಚಿನದು. ಗೂಗಲ್ 2017ರ ಆಗಸ್ಟಿನಲ್ಲಿ ಕನ್ನಡ ಮರಾಠಿಗಳೆರಡಕ್ಕೂ ಒಟ್ಟಿಗೆ ಈ ಸೌಲಭ್ಯವನ್ನು ತಂದಿತು. ಕನ್ನಡವನ್ನು ಆಡಬಲ್ಲರು, ಓದಲಾರರು ಎಂಬ ಸ್ಥಿತಿಯಲ್ಲಿರುವ ನಮ್ಮ ಸೀಮೆಯ ಜನರಿಗೆ ಮಾತೇ ಬಾಗಿಲು. ಆದರೆ ನಮ್ಮ ಅಜ್ಜಿ “ಪೀಕ್ ವಿಮಾ ರೊಕ್ಕ ಯಾವಾಗ ಬರ್ತದ” ಎಂದು ಬೆಳೆವಿಮೆಯ ಹಣದ ಬಗ್ಗೆ ಫೋನಿಗೆ ಕೇಳಿದರೆ, ಬೆಂಗಳೂರು ಮೈಸೂರುಗಳ ಉಚ್ಚಾರಣೆಗೆ ಪಳಗಿದ ಆ ಯಂತ್ರವು ಮರಾಠಿ ಬೆರೆತ ನಮ್ಮ ಮಾತಿನಲ್ಲಿ ಅರ್ಧವನ್ನು ನುಂಗಿಬಿಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್ಟ್‌ಪಾರ್ಕ್‌ಗಳು ಗೂಗಲ್‌ನ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಎಂಬ ಯೋಜನೆಯಲ್ಲಿ, ಧ್ವನಿಗಳನ್ನು ರಾಜ್ಯಭಾಷೆಗಳ ಲೆಕ್ಕದಿಂದ ಸಂಗ್ರಹಿಸದೆ ಒಂದೊಂದು ಜಿಲ್ಲೆಯನ್ನು ಹಿಡಿದು, ಅಲ್ಲಿಯವರು ಯಾವ ಭಾಷೆಯನ್ನಾಡುವರೋ ಅದನ್ನೇ ದಾಖಲಿಸುವ ಕ್ರಮವನ್ನು ಅನುಸರಿಸಿದ್ದಾರೆ. ದೇಶದ 773 ಜಿಲ್ಲೆಗಳನ್ನೂ ತಲುಪುವುದು ಅವರ ಗುರಿ. ಗಡಿನಾಡಿನವನಾಗಿ ನಾನು ಈ ದಶಕದ ತಂತ್ರಜ್ಞಾನ ವಾರ್ತೆಗಳಲ್ಲಿ ಇದಕ್ಕಿಂತ ಮಹತ್ತ್ವದ್ದನ್ನು ಕಾಣೆ. ಧಾರಾಶಿವ, ಲಾತೂರು ಜಿಲ್ಲೆಗಳ ಸರದಿ ಬಂದಾಗ ಮರಾಠಿಯ ಜೊತೆಗೆ ಮುರುಮದ, ನಿಲಂಗಾದ ನೆರೆಯ ಹಳ್ಳಿಗಳ ಕನ್ನಡವೂ ಆ ಭಂಡಾರಕ್ಕೆ ಸೇರಬೇಕು; ಅದು ಸೇರಿತೇ ಇಲ್ಲವೇ ಎಂದು ಕೇಳಿ ಬರೆಯುವ ಕರ್ತವ್ಯವು ಕನ್ನಡ ಪತ್ರಿಕೆಗಳದಲ್ಲದೆ ಮತ್ತಾರದು?

ಸುದ್ದಿಯ ಈ ಬಗೆಯು ಕನ್ನಡದಲ್ಲಿ ಅಸಾಧ್ಯವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. 1996ರಷ್ಟು ಹಿಂದೆಯೇ ಜಾಲದ ಮೇಲೆ ‘ವಿಶ್ವಕನ್ನಡ’ ಪತ್ರಿಕೆಯನ್ನು ನಡೆಸಿ ಮುಂದೆ ‘ಗ್ಯಾಜೆಟ್ ಲೋಕ’ ಅಂಕಣವನ್ನು ಬರೆದ ಯು. ಬಿ. ಪವನಜ ಅವರೂ, ‘ಇಜ್ಞಾನ’ದ ಟಿ. ಜಿ. ಶ್ರೀನಿಧಿ ಅವರೂ ಯಂತ್ರದ ಒಳಗನ್ನು ತಿಳಿಯಾದ ಕನ್ನಡದಲ್ಲಿ ಬಿಡಿಸಿ ತೋರಿಸಬಹುದೆಂಬುದನ್ನು ಸಾಧಿಸಿದ್ದಾರೆ. ಆ ದಾರಿಯಲ್ಲಿ ಮುಂದೆ ನಡೆಯಬೇಕೆಂಬುದೇ ನನ್ನ ಬಿನ್ನಹ. ಹೊಸ ಫೋನೊಂದರ ವಿಮರ್ಶೆಯನ್ನು ಬರೆಯುವಾಗ, ಆ ಫೋನನ್ನು ಕಂಪನಿಯೇ ಕಳುಹಿಸಿತೋ ಲೇಖಕರು ಕೊಂಡರೋ ಎಂಬುದನ್ನೂ, ಪರಿಷ್ಕರಣಗಳು ಯಾವ ಇಸವಿಯವರೆಗೆ ಬರುತ್ತವೆಂಬುದನ್ನೂ, ಬ್ಯಾಟರಿಯನ್ನು ಬದಲಿಸಲು ಬರುವುದೇ, ಬಂದರೆ ಎಷ್ಟು ಖರ್ಚಿನಲ್ಲಿ ಎಂಬುದನ್ನೂ, ಅದರಲ್ಲಿ ಕನ್ನಡವನ್ನು ಓದಲು ಬರೆಯಲು ಆಡಲು ಹೇಗಿದೆಯೆಂಬುದನ್ನೂ ತಪ್ಪದೆ ಬರೆಯಿರಿ. ಮತ್ತು ಒಂದು ವರುಷದ ನಂತರ ಅದೇ ಫೋನನ್ನು ಕುರಿತು ಮತ್ತೊಮ್ಮೆ ಬರೆಯಿರಿ.

ತಮ್ಮಲ್ಲಿ ಯಾರಾದರೂ ಹಳೆಯ ಯಂತ್ರಗಳಿಗಾಗಿ ಒಂದು ಅಂಕಣವನ್ನು ಮೀಸಲಿಡಲು ಮನಸ್ಸು ಮಾಡಿದರೆ, ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡ ಬಲ್ಲ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಾದ ನಾವು, ನಮ್ಮ ಬಳಿಯಿರುವ ಬೇರೆ ಬೇರೆ ವರುಷಗಳ ಲ್ಯಾಪ್‌ಟಾಪುಗಳನ್ನು ಪರೀಕ್ಷಿಸಿ, ಯಾವುದರಲ್ಲಿ ಯಾವ ಲಿನಕ್ಸು ಸರಿಯಾಗಿ ನಡೆಯಿತು, ವೈಫೈ ಎಲ್ಲಿ ತೊಡಕಾಯಿತು, ಎಸ್‌ಎಸ್‌ಡಿ ಹಾಕಲು ಯಾವುದು ಅನುಕೂಲವೆಂಬ ವಿವರಗಳನ್ನು ಚಿತ್ರಗಳ ಸಹಿತ ಪ್ರತಿಫಲವನ್ನು ಬಯಸದೆ ಬರೆದು ಕಳುಹಿಸುತ್ತೇವೆ. ಮೊದಲನೆಯ ಲೇಖನವು ವಿಂಡೋಸ್ 10ರ ಯಂತ್ರಗಳನ್ನು ಉಳಿಸಿಕೊಳ್ಳುವ ಬಗೆಯನ್ನು ಕುರಿತದ್ದಾಗಿರಲಿ, ಮತ್ತು ಅದು 2026ರ ಅಕ್ಟೋಬರ್ 13ಕ್ಕೆ ಸಾಕಷ್ಟು ಮುಂಚಿತವಾಗಿ ಅಚ್ಚಾಗಲಿ.

ಇಂತು ತಮ್ಮ ವಿಶ್ವಾಸಿ,
ಮುರುಮದ ಓರ್ವ ಇಂಜಿನಿಯರಿಂಗ್ ವಿದ್ಯಾರ್ಥಿ